ಕಲಿಯುತ್ತಲೇ ಕಲಿಸುವವರು

ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿ ಪ್ರಾಧ್ಯಾಪಕರ ಮುಂದೆ ಶಿಷ್ಯ, ರೋಗಿಯ ಮುಂದೆ ಡಾಕ್ಟರು, ಎಂ.ಬಿ.ಬಿ.ಎಸ್. ಓದುವವರ ಮುಂದೆ ಗುರು. ಮೂರೂ ಒಂದೇ ದಿನ, ಅನೇಕ ಸಲ ಒಂದೇ ಹಾಸಿಗೆಯ ಬದಿಯಲ್ಲಿ ನಡೆಯುತ್ತವೆ. ಬೆಳಗಾವಿಯ ನೆಹರು ನಗರ ಇಂಥ ಕಲಿಕೆ ನಡೆಯುವ ಜಾಗಗಳಲ್ಲೊಂದು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜನ್ನು ತೆರೆಯಿತು. 2006ರಲ್ಲಿ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯೂ ಇದೇ ನೆಹರು ನಗರದಲ್ಲಿದೆ.

ಎಂ.ಡಿ., ಎಂ.ಎಸ್. ಓದು ಮೂರು ವರ್ಷದ್ದು. ಆಸ್ಪತ್ರೆಯ ಬಾಯಲ್ಲಿ ಈ ವಿದ್ಯಾರ್ಥಿಗಳು ‘ಪಿಜಿ’ಗಳು. ಇವರು ಕಿರಿಯರಿಗೆ ಪಾಠ ಹೇಳುವುದು ಬರೀ ಉಪಕಾರದ ಕೆಲಸವಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2000ದ ಸ್ನಾತಕೋತ್ತರ ನಿಯಮಾವಳಿಯೇ, ಪದವಿ ವಿದ್ಯಾರ್ಥಿಗಳ ಹಾಗೂ ಇಂಟರ್ನ್‌ಗಳ ಬೋಧನೆಯಲ್ಲಿ ಇವರು ಭಾಗವಹಿಸಬೇಕೆಂದು ಹೇಳಿತ್ತು. ಪದ್ಧತಿ ಇನ್ನೂ ಹಳೆಯದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಶುರುವಾದಾಗ ವಿಲಿಯಂ ಆಸ್ಲರ್ ಅಲ್ಲಿ ಆಸ್ಪತ್ರೆಯಲ್ಲೇ ಇದ್ದು ಕಲಿಯುವ ವೈದ್ಯರ ವ್ಯವಸ್ಥೆಯನ್ನು ಬೆಳೆಸಿದರು. ವೈದ್ಯಶಿಕ್ಷಣವನ್ನು ಉಪನ್ಯಾಸದ ಕೋಣೆಯಿಂದ ರೋಗಿಯ ಬಳಿಗೆ ಕರೆತಂದರು.

ಕಲಿಸುವಾಗ ಕಲಿಸುವವನಿಗೆ ಏನಾಗುತ್ತದೆ ಎಂಬುದು ಒಂದು ಸಣ್ಣ ಪರೀಕ್ಷೆಯಲ್ಲೇ ಕಾಣುತ್ತದೆ. ಹೊಟ್ಟೆ ಮುಟ್ಟಿ ಗುಲ್ಮವನ್ನು ಪತ್ತೆಮಾಡಬೇಕು. ಹೊಸ ವಿದ್ಯಾರ್ಥಿ ನೇರವಾಗಿ ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಒತ್ತುತ್ತಾನೆ, ಏನೂ ಸಿಗಲಿಲ್ಲ ಎನ್ನುತ್ತಾನೆ. ಗುಲ್ಮ ಬಹಳ ಊದಿಕೊಂಡಿದ್ದರೆ ಅವನ ಕೈ ಅದರ ಮೇಲೆಯೇ ಇರುತ್ತದೆ; ಅಂಚು ಇನ್ನೂ ಕೆಳಗಿರುತ್ತದೆ. ಒಳ್ಳೆಯ ಪಿಜಿ ಆ ಕೈಯನ್ನು ಎಳೆದು ಸರಿಯಾದ ಜಾಗಕ್ಕೆ ಇಡುವುದಿಲ್ಲ. ಗುಲ್ಮ ಯಾವ ದಿಕ್ಕಿಗೆ ಬೆಳೆಯುತ್ತದೆ ಎಂದು ಕೇಳುತ್ತಾನೆ. ಎಡ ಮೇಲಿನಿಂದ ಬಲ ಕೆಳಕ್ಕೆ ಎಂಬ ಉತ್ತರ ಬಂದರೆ, ಬಲಗಡೆಯ ಕೆಳಹೊಟ್ಟೆಯಿಂದ ಶುರುಮಾಡಬೇಕೆಂದು ವಿದ್ಯಾರ್ಥಿಗೇ ಹೊಳೆಯುತ್ತದೆ. ರೋಗಿಗೆ ದೀರ್ಘವಾಗಿ ಉಸಿರೆಳೆಯಲು ಹೇಳಿ, ಬೆರಳನ್ನು ಸ್ವಲ್ಪಸ್ವಲ್ಪವೇ ಎಡ ಪಕ್ಕೆಯತ್ತ ಸರಿಸಿದರೆ ಅಂಚು ತಾನೇ ಬಂದು ತಗಲುತ್ತದೆ. ಎರಡು ಮೂರು ಪಟ್ಟು ಬೆಳೆಯುವ ತನಕ ಗುಲ್ಮ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ ಎಂಬುದನ್ನೂ ಆಗ ಹೇಳಬೇಕಾಗುತ್ತದೆ. ಪಿಜಿಗೆ ಇದೆಲ್ಲ ರೂಢಿಯಿಂದ ಬಂದಿರುತ್ತದೆ. ‘ಯಾಕೆ’ ಎಂದು ಕಿರಿಯರು ಕೇಳಿದಾಗಲೇ ರೂಢಿಯ ಹಿಂದಿನ ಕಾರಣವನ್ನು ಅವನು ಮತ್ತೆ ಹುಡುಕಿಕೊಳ್ಳುತ್ತಾನೆ.

ಕೇಳುವವ ಎಲ್ಲಿ ಎಡವಿದ್ದಾನೆ ಎಂದು ಗುರುತಿಸುವುದು ಬೋಧನೆಯ ದೊಡ್ಡ ಕೌಶಲ. ಗಡಿಬಿಡಿಯ ವಾರ್ಡಿನಲ್ಲಿ ಅದಕ್ಕೆ ಸಿಗುವುದು ಕೆಲವೇ ನಿಮಿಷ. ಅದಕ್ಕೆಂದೇ 1992ರಲ್ಲಿ ಅಮೆರಿಕದ ವೈದ್ಯಶಿಕ್ಷಕರು ಐದು ಹೆಜ್ಜೆಯ ಕ್ರಮವೊಂದನ್ನು ಮುಂದಿಟ್ಟರು: ಮೊದಲು ವಿದ್ಯಾರ್ಥಿಯ ನಿರ್ಧಾರ ಕೇಳಿ, ಅದಕ್ಕೆ ಆಧಾರವೇನೆಂದು ಕೆದಕಿ, ಒಂದು ಸಾಮಾನ್ಯ ನಿಯಮ ಹೇಳಿಕೊಟ್ಟು, ಸರಿಯಿದ್ದುದನ್ನು ಮೆಚ್ಚಿ, ತಪ್ಪನ್ನು ತಿದ್ದುವುದು. ತಿದ್ದುವುದು ಕೊನೆಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ರೋಗಿಯ ಎದುರೇ ಗದರಿಸಿಕೊಂಡ ವಿದ್ಯಾರ್ಥಿ ಮುಂದೆ ಅನುಮಾನ ಬಂದರೂ ಬಾಯಿಬಿಡುವುದಿಲ್ಲ, ಆಸ್ಪತ್ರೆಯಲ್ಲಿ ಅದರಷ್ಟು ಅಪಾಯದ್ದು ಇನ್ನೊಂದಿಲ್ಲ. ‘ಗೊತ್ತಿಲ್ಲ, ಓದಿ ನಾಳೆ ಹೇಳುತ್ತೇನೆ’ ಎನ್ನುವ ಧೈರ್ಯವೂ ಪಿಜಿಗೆ ಈ ಕೆಲಸದಿಂದಲೇ ಬರುತ್ತದೆ.

ಬೆಳಗಾವಿಯಂಥ ಊರಿನಲ್ಲಿ ಇದಕ್ಕೆ ಭಾಷೆಯೂ ಸೇರುತ್ತದೆ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲವೂ ಇಲ್ಲಿ ಕೇಳಿಬರುತ್ತವೆ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗೆ, ಖಾನಾಪುರದ ಕಡೆಯ ಅಜ್ಜ ‘ಎರಡ ಮೆಟ್ಟಲ ಏರಿದ್ರ ದಮ್ಮ ಹತ್ತತೈತ್ರಿ’ ಎಂದರೆ ಅರ್ಥವಾಗಬೇಕು; ಎಷ್ಟು ದಿನದಿಂದ, ಮಲಗಿದಾಗ ಹೆಚ್ಚೋ ಎಂದು ಮುಂದಿನ ಪ್ರಶ್ನೆ ಕೇಳಲು ಬರಬೇಕು. ಇದನ್ನು ಕಲಿಸುವ ಪಿಜಿಗೆ ರೋಗಿಯೊಂದಿಗೆ ಮಾತಾಡುವ ಹದ ತಾನಾಗಿ ಕೂಡಿಬರುತ್ತದೆ. ಇನ್ಸುಲಿನ್ ಹೇಗೆ ಚುಚ್ಚಿಕೊಳ್ಳಬೇಕೆಂದು ರೈತನೊಬ್ಬನಿಗೆ ವಿವರಿಸಿ, ‘ಈಗ ನೀವು ಮಾಡಿ ತೋರಿಸ್ರಿ’ ಎನ್ನುವುದೂ ಪಾಠವೇ. ಸ್ನಾತಕೋತ್ತರ ವಿದ್ಯಾರ್ಥಿಗಳು ಈಗ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿ ಕೆಲಸ ಮಾಡಬೇಕು. ಅಲ್ಲಿ ಈ ಕೌಶಲ ದಿನವೂ ಬೇಕಾಗುತ್ತದೆ.

ಕಲಿಯುತ್ತಲೇ ಕಲಿಸುವ ಏರ್ಪಾಡು ಎಂಜಿನಿಯರಿಂಗ್‌ನಲ್ಲೂ ಇದೆ. ಗೇಟ್ ಪರೀಕ್ಷೆಯ ಮೂಲಕ ವಿದ್ಯಾರ್ಥಿವೇತನ ಪಡೆಯುವ ಎಂ.ಟೆಕ್. ವಿದ್ಯಾರ್ಥಿಗಳು ವಾರಕ್ಕೆ 8ರಿಂದ 10 ತಾಸು ಬೋಧನೆ, ಸಂಶೋಧನೆಯ ಕೆಲಸ ಮಾಡಬೇಕೆಂಬ ನಿಯಮವಿದೆ. ಅಲ್ಲಿ ತಾಸುಗಳ ಲೆಕ್ಕವಾದರೂ ಇದೆ. ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ, ತುರ್ತು ಕೇಸು, ಪ್ರಬಂಧ ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಪಾಠ ನಡೆಯುತ್ತದೆ; ದಣಿದ ಪಿಜಿ ಪಾಠವನ್ನು ಮೊಟಕುಗೊಳಿಸಿದರೆ ತಪ್ಪು ಅವನದಲ್ಲ. ಅಧ್ಯಾಪಕರಿಗೆ ವೈದ್ಯಶಿಕ್ಷಣದ ತರಬೇತಿ ಕೊಡುವಂತೆಯೇ ಪಿಜಿಗಳಿಗೂ ಮೊದಲ ವರ್ಷದಲ್ಲೇ ಚಿಕ್ಕ ತರಬೇತಿ ಕೊಡಬೇಕು, ಡ್ಯೂಟಿಯ ಪಟ್ಟಿಯಲ್ಲಿ ಕಲಿಸುವ ತಾಸನ್ನೂ ಬರೆಯಬೇಕು, ಆ ತಾಸಿನಲ್ಲಿ ಅವರನ್ನು ಬೇರೆ ಕೆಲಸಕ್ಕೆ ಕರೆಯಬಾರದು.