ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ

(ಕರಾವಳಿ ಚಾರಣಕ್ಕೆ ಹೊರಟ ವಿದ್ಯಾರ್ಥಿಗಳಿಗಾಗಿ ಸೋಲದೇವನಹಳ್ಳಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಗಾದೆ ಉಂಟು: ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ. ಸೊಕ್ಕು ಎಂದರೆ ಇಲ್ಲಿ ಅಹಂಕಾರವಷ್ಟೇ ಅಲ್ಲ, ಮೈಯ ಕಸುವು. ಕಸುವುಳ್ಳವನು ಕಾಡು ಹೊಕ್ಕು ಯಾಣದ ಭೈರವೇಶ್ವರನನ್ನು ಕಂಡು ಬರಬಹುದು. ಗೋಕರ್ಣಕ್ಕೆ ಹೋಗುವವನ ಗಂಟಿನಲ್ಲಿ ಮಾತ್ರ ದಾನ ದಕ್ಷಿಣೆಗೆಂದು ನಾಲ್ಕು ಕಾಸು ಇರಬೇಕು. ಹಾಸ್ಯದ ಈ ಮಾತಿನೊಳಗೆ ಭೂಗೋಳವೂ ಇದೆ. ಒಂದು ದಾರಿ ಘಟ್ಟದ ಕಾಡಿಗೆ ಹತ್ತುತ್ತದೆ, ಇನ್ನೊಂದು ಕಡಲ ದಂಡೆ ಹಿಡಿದು ಬಡಗಣಕ್ಕೆ ಸಾಗುತ್ತದೆ. ಎರಡಕ್ಕೂ ಕೈಮರದಂತೆ ನಡುವೆ ನಿಂತಿರುವುದು ಹಳೆಯ ಬಂದರು ಪಟ್ಟಣ ಕುಮಟಾ.

ಇಂದು ಬೆಂಗಳೂರಿನಿಂದ ರಾತ್ರಿ ಬಸ್ಸು ಅಥವಾ ರೈಲು ಹಿಡಿದು ಶನಿವಾರ ಬೆಳಿಗ್ಗೆ ಕುಮಟಾದಲ್ಲಿ ಇಳಿಯುವ ಯುವಕ ಯುವತಿಯರು ಬಹಳ. ಬೆನ್ನಿಗೆ ಚೀಲ, ಕಾಲಿಗೆ ಬೂಟು. ಎರಡು ದಿನ ದಂಡೆಯಲ್ಲಿ ನಡೆದು ಗೋಕರ್ಣ ಮುಟ್ಟುತ್ತಾರೆ. ಬಿಡುವು ಇನ್ನೂ ಇದ್ದವರು ಯಾಣಕ್ಕೂ ಹೋಗುತ್ತಾರೆ. ತಾವು ತುಳಿಯುತ್ತಿರುವುದು ವಿಹಾರಕ್ಕೆಂದು ಮಾಡಿದ ಹಾದಿಯಲ್ಲ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಕಾಲುದಾರಿಗಳು ಉಪ್ಪು, ಮೆಣಸು, ಅಕ್ಕಿ, ಹತ್ತಿಗಳ ದಾರಿಗಳು. ಹೊಟ್ಟೆಪಾಡಿಗಾಗಿ ನಡೆದವರ ಕಾಲುಗಳು ಇವನ್ನು ಮಾಡಿದವು. ಅಂಥ ಕಾಲುಗಳೇ ಇವನ್ನು ಇಂದಿಗೂ ಉಳಿಸಿವೆ.

ಉತ್ತರ ಕನ್ನಡದಲ್ಲಿ ಸಹ್ಯಾದ್ರಿಯು ಕಡಲಿಗೆ ಬಹಳ ಹತ್ತಿರ ಬರುತ್ತದೆ. ಬೆಟ್ಟದ ಕವಲುಗಳು ನೀರಿನವರೆಗೂ ಚಾಚಿ ಗುಡ್ಡದ ಮೂತಿಗಳಾಗಿ ನಿಂತಿವೆ. ಎರಡು ಮೂತಿಗಳ ನಡುವೆ ಅರ್ಧಚಂದ್ರಾಕಾರದ ಮರಳ ದಂಡೆ. ಅಲ್ಲಲ್ಲಿ ಘಟ್ಟದಿಂದ ಇಳಿದ ನದಿಯೊಂದು ಈ ಸಾಲನ್ನು ತುಂಡರಿಸಿ ಕಡಲು ಸೇರುತ್ತದೆ. ಇಂಥ ನೆಲದಲ್ಲಿ ಉದ್ದಕ್ಕೆ ಗಾಡಿ ಓಡಿಸುವುದು ಹಿಂದೆ ಆಗದ ಮಾತು. ನಡೆಯುವವನು ಮೂತಿಯನ್ನು ಹತ್ತಿ ಇಳಿಯಬೇಕು, ದಂಡೆಯಲ್ಲಿ ಸಾಗಬೇಕು, ನದಿ ಬಂದಲ್ಲಿ ದೋಣಿಗೆ ಕಾಯಬೇಕು. ಈ ದೋಣಿ ಕಡವಿಗೆ ಇಲ್ಲಿ ತಾರಿ ಎನ್ನುತ್ತಾರೆ. ಕುಮಟಾ ತಾಲೂಕಿನ ಹೆಗಡೆ ಗ್ರಾಮದ ಬಳಿ ತಾರಿಬಾಗಿಲು ಎಂಬ ಸ್ಥಳವೇ ಇದೆ. ಊರ ಹೆಸರು ದಾರಿಯ ಚರಿತ್ರೆಯನ್ನು ದಾಖಲೆಗಳಿಗಿಂತ ಚೆನ್ನಾಗಿ ಕಾಪಾಡಿಕೊಂಡಿದೆ.

ಇನ್ನೊಂದು ಹೆಸರನ್ನೂ ಗಮನಿಸಬೇಕು. ಅಘನಾಶಿನಿ ನದಿಯಲ್ಲಿ ಕಡಲಿನಿಂದ ಮೇಲಕ್ಕೆ ಸಾಗಿದರೆ ಸಿಗುವ ಊರು ಉಪ್ಪಿನಪಟ್ಟಣ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಮಡಿಗಳಿಗೆ ಹಾಯಿಸಿ ಬಿಸಿಲಿನಲ್ಲಿ ಇಂಗಿಸಿ ಉಪ್ಪು ತೆಗೆಯುವುದು ಬಹು ಹಿಂದಿನಿಂದ ಬಂದ ಕಸುಬು. ಉಪ್ಪಿನ ದೋಣಿಗಳು ಭರತದ ಜೊತೆ ನದಿಯಲ್ಲಿ ಮೇಲೇರುತ್ತಿದ್ದವು. ದೋಣಿ ನಿಂತಲ್ಲಿಂದ ಹೇರೆತ್ತುಗಳ ಮತ್ತು ತಲೆಹೊರೆಯವರ ಕೆಲಸ. ಉಪ್ಪು, ಒಣಮೀನು, ತೆಂಗು ಘಟ್ಟ ಹತ್ತಿದರೆ ಅಕ್ಕಿ, ಕಾಳುಮೆಣಸು, ಅಡಿಕೆ ಇಳಿಯುತ್ತಿದ್ದವು. ನದಿಯ ದಡದ ಮಿರ್ಜಾನ ಕೋಟೆ ಕಾಯುತ್ತಿದ್ದುದು ಈ ವ್ಯಾಪಾರವನ್ನೇ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಹೊಸ ಸೀಮೆಗಳನ್ನು ನೋಡಿ ವರದಿ ಮಾಡಲು ಕಂಪನಿ ಸರ್ಕಾರ ಕಳಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಗೋಕರ್ಣದ ಈ ಕಡಲಂಚಿನಲ್ಲಿ ಸಾಗಿ ಬೆಳೆ, ಮೆಣಸು, ಉಪ್ಪುಗಳ ವಿವರಗಳನ್ನು ಬರೆದಿಟ್ಟ.

ಕುಮಟಾದ ವೈಭವದ ದಿನಗಳು ಬಂದುದು ಹತ್ತಿಯಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಅಂಡಿಗೆ ಹೊತ್ತ ಗಾಡಿಗಳು ಶಿರಸಿಯ ಮೇಲೆ ಬಂದು ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದವು. ಅಲ್ಲಿಂದ ಹಡಗುಗಳು ಮುಂಬಯಿಗೆ ಸಾಗಿಸಿದವು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಆ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. ಆದರೆ 1880ರ ದಶಕದ ಕೊನೆಗೆ ಬಯಲುಸೀಮೆಯಿಂದ ಗೋವೆಯ ಮರ್ಮಗೋವಾಕ್ಕೆ ರೈಲು ಓಡತೊಡಗಿದಾಗ ವ್ಯಾಪಾರ ಅತ್ತ ಹರಿಯಿತು. ಬಂದರು ಬಡವಾಯಿತು. ಗಾಡಿಗಳು ಕಡಿಮೆಯಾದವು. ದೊಡ್ಡ ವ್ಯಾಪಾರ ಹೋದರೂ ಊರಿಂದೂರಿಗೆ ನಡೆಯುವ ಸಣ್ಣವರ ದಾರಿಗಳು ಮಾತ್ರ ಉಳಿದವು.

ಈಗ ಕಾಡಿನ ದಾರಿಯನ್ನು ನೋಡೋಣ. ಯಾಣ ಎಂದರೆ ಹಸಿರಿನ ನಡುವೆ ಎದ್ದ ಎರಡು ಕಪ್ಪು ಸುಣ್ಣಕಲ್ಲಿನ ಶಿಖರಗಳು. ಭೈರವೇಶ್ವರ ಶಿಖರದ ಎತ್ತರ 120 ಮೀಟರ್, ಮೋಹಿನಿ ಶಿಖರದ್ದು 90 ಮೀಟರ್. ಭಸ್ಮಾಸುರ ಬೂದಿಯಾದ ಜಾಗವಿದು, ಮಣ್ಣು ಕಪ್ಪಾಗಿರುವುದು ಅದರಿಂದಲೇ ಎಂದು ಭಕ್ತರ ನಂಬಿಕೆ. ಹಿಂದೆ ಇಲ್ಲಿಗೆ ಬರಲು ದಟ್ಟ ಕಾಡಿನಲ್ಲಿ ಬಹುದೂರ ನಡೆಯಬೇಕಿತ್ತು. ಗಾದೆಯ ಸೊಕ್ಕು ಬೇಕಾಗುತ್ತಿದ್ದುದು ಆಗಲೇ. 1990ರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೇ’ ಚಿತ್ರ ಈ ಶಿಖರಗಳನ್ನು ನಾಡಿಗೆಲ್ಲ ತೋರಿಸಿತು. ಈಗ ವಾಹನ ಹತ್ತಿರಕ್ಕೇ ಹೋಗುತ್ತದೆ, ನಡಿಗೆ ಅಲ್ಪ.

ಈ ಕಾಡು ಬರಿಯ ಕಾಡಲ್ಲ. ಘಟ್ಟದ ಜನ ಕಾನು ಎಂದು ಕರೆಯುವ ನಿತ್ಯಹರಿದ್ವರ್ಣದ ತುಂಡುಗಳನ್ನು ತಲೆತಲಾಂತರದಿಂದ ದೇವರ ಹೆಸರಿನಲ್ಲಿ ಕಾದುಕೊಂಡು ಬಂದಿದ್ದಾರೆ. ಕೊಡಲಿ ಬೀಳದ ಕಾನಿನ ಕೆಳಗೆ ಬೇಸಿಗೆಯಲ್ಲೂ ಒರತೆ ಬತ್ತುವುದಿಲ್ಲ. ಅದರ ನೀರು ಕೆಳಗಿನ ತೋಟಗಳಿಗೆ ಆಧಾರ. ಸಿಂಗಳೀಕಗಳಿಗೂ ಇದೇ ಆಶ್ರಯ. ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಕಾಡನ್ನು ಬರಿಗಾಲಲ್ಲಿ ನಡೆದು ಬಲ್ಲವರ ಅರಿವು ಎಷ್ಟು ದೊಡ್ಡದೆಂಬುದಕ್ಕೆ ಅಂಕೋಲೆಯ ಕಡೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಸಾಕ್ಷಿ. ಶಾಲೆಯ ಮುಖ ಕಾಣದ ಅವರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿಯುತ್ತ, ಯಾವ ಮರದ ಬೀಜ ಯಾವಾಗ ಆರಿಸಬೇಕು ಎಂಬುದನ್ನು ಅಧಿಕಾರಿಗಳಿಗೇ ಹೇಳಿಕೊಟ್ಟರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಲು ನಡೆದು ಬಂದದ್ದೂ ಬರಿಗಾಲಲ್ಲೇ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಇನ್ನು ಕಡಲ ದಾರಿ. ಕುಮಟಾದಿಂದ ಬಡಗಣಕ್ಕೆ ಹೊರಟರೆ ಕಡ್ಲೆ, ಬಾಡ, ಕಾಗಾಲ, ಅಘನಾಶಿನಿ. ಗುಡ್ಡದ ಮೂತಿಗಳ ಮೇಲೆ ಚಿರೇಕಲ್ಲಿನ ಬಯಲು, ಮಳೆಗಾಲ ಮುಗಿದ ಮೇಲೆ ಅಲ್ಲಿ ಹುಲ್ಲು ಒಣಗಿ ಹೊಂಬಣ್ಣ. ಕೆಳಗೆ ಇಳಿದರೆ ಮೀನುಗಾರರ ಕೇರಿ, ಒಣಗಲು ಹರವಿದ ಮೀನು, ಬಲೆ ಹೊಲಿಯುವ ಕೈಗಳು. ಅಘನಾಶಿನಿ ಊರಿನಲ್ಲಿ ನೆಲ ಮುಗಿಯುತ್ತದೆ. ಎದುರು ದಡದಲ್ಲಿ ತದಡಿಯ ಮೀನುಗಾರಿಕಾ ಬಂದರು. ರಸ್ತೆಯಲ್ಲಿ ಹೋಗುವುದಾದರೆ ಮಿರ್ಜಾನ ಸುತ್ತಿ ಬರಬೇಕು, ದೋಣಿಯಲ್ಲಿ ಕೆಲವೇ ನಿಮಿಷ. ಮೀನಿನ ಬುಟ್ಟಿ ಹೊತ್ತವರು ದಿನವೂ ದಾಟುವ ದೋಣಿಯಲ್ಲೇ ಚಾರಣಿಗನೂ ದಾಟುವುದು. ತದಡಿಯಿಂದ ಮುಂದೆ ಬೆಲೇಕಾನ, ಓಂ ಆಕಾರದ ದಂಡೆ, ಕುಡ್ಲೆ. ಕೊನೆಗೆ ಗೋಕರ್ಣದ ಮಹಾಬಲೇಶ್ವರ.

ಬಯಲುಸೀಮೆಯಿಂದ ಬಂದವರು ಈ ದಾರಿಯಲ್ಲಿ ಕಲಿಯಬೇಕಾದ ಮೊದಲ ಪಾಠ ಉಬ್ಬರ ಇಳಿತದ್ದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಂದು ಏರಿಳಿತ ಹೆಚ್ಚು. ಬೆಳಿಗ್ಗೆ ಒದ್ದೆ ಮರಳಿನ ಮೇಲೆ ಸಲೀಸಾಗಿ ದಾಟಿದ ಬಂಡೆಯ ಬುಡ ಮಧ್ಯಾಹ್ನ ಎದೆಮಟ್ಟದ ನೀರಿನಲ್ಲಿರಬಹುದು. ಜೂನಿನಿಂದ ಮಳೆಗಾಲ ಮುಗಿಯುವವರೆಗೆ ಈ ದಾರಿಯ ಮಾತೇ ಬೇಡ. ಮೀನುಗಾರನೇ ದೋಣಿ ಮೇಲೆಳೆದಿಟ್ಟ ಕಾಲದಲ್ಲಿ ಹೊರಗಿನವನಿಗೆ ಸಮುದ್ರದಲ್ಲಿ ಏನು ಕೆಲಸ? ಪಂಚಾಂಗಕ್ಕಿಂತ ದೊಡ್ಡ ಆಧಾರ ಊರವರ ಮಾತು. ಹೋಗಬೇಡಿ ಎಂದರೆ ಹೋಗಬಾರದು.

ಇಳಿತದ ಹೊತ್ತಿನಲ್ಲಿ ಅಳಿವೆಯ ಬಳಿ ನಿಂತರೆ ಇನ್ನೊಂದು ನೋಟ ಕಾಣುತ್ತದೆ. ನೀರು ಸರಿದ ದಿಣ್ಣೆಗಳ ಮೇಲೆ ನೂರಾರು ಜನ ಬಾಗಿ ಬಳಚು ಆರಿಸುತ್ತಿರುತ್ತಾರೆ. ಬಂಡವಾಳವಿಲ್ಲದ ಬಡವರಿಗೆ, ಅದರಲ್ಲೂ ಹೆಂಗಸರಿಗೆ, ಈ ಚಿಪ್ಪುಮೀನು ದಿನದ ಅನ್ನ. ಒಳಗಿನ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಅದೇ ಗದ್ದೆಯಲ್ಲಿ ಮೀನು, ಸೀಗಡಿ ಸಿಗುತ್ತವೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ಉಪ್ಪಿನ ಮಡಿಗಳೂ ಇದೇ ನೀರನ್ನು ನಂಬಿವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ರಾಮ್ಸರ್ ತಾಣಗಳ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು.

ಇಷ್ಟೆಲ್ಲಕ್ಕೂ ಮೂಲ ಒಂದೇ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾಣದ ಚಂಡಿಹೊಳೆಯನ್ನು ಕೂಡಿಸಿಕೊಂಡು ತಡೆಯಿಲ್ಲದೆ ಕಡಲು ಸೇರುತ್ತದೆ. ಘಟ್ಟದ ಸಿಹಿನೀರೂ ಕಡಲಿನ ಉಪ್ಪುನೀರೂ ಹದವಾಗಿ ಬೆರೆತರೆ ಮಾತ್ರ ಬಳಚು ಬದುಕುತ್ತದೆ, ಕಗ್ಗ ತೆನೆಗಟ್ಟುತ್ತದೆ. ಶಿವರಾತ್ರಿಯಲ್ಲಿ ಯಾಣದ ತೀರ್ಥವನ್ನು ಗೋಕರ್ಣಕ್ಕೆ ಒಯ್ದು ಅಭಿಷೇಕ ಮಾಡಿಸುವ ಸಂಪ್ರದಾಯವಿದೆ. ಗಾದೆ ಎರಡಾಗಿ ಒಡೆದ ದಾರಿಗಳನ್ನು ಈ ಆಚರಣೆ ಒಂದು ಮಾಡುತ್ತದೆ. ಕಾಡಿನ ಒರತೆಗೂ ಅಳಿವೆಯ ಅನ್ನಕ್ಕೂ ಇರುವ ನಂಟನ್ನು ನಡೆಯುವ ಜನ ಕಂಡಿದ್ದರೆಂದು ಇದಕ್ಕೆ ಅರ್ಥ ಹೇಳಬಹುದು.

ಈ ನಂಟು ಮುಂದೆಯೂ ಉಳಿಯುತ್ತದೆಯೇ ಎಂಬುದು ಇಂದಿನ ಪ್ರಶ್ನೆ. ತದಡಿಯಲ್ಲಿ ದೊಡ್ಡ ಬಂದರು, ಉಷ್ಣವಿದ್ಯುತ್ ಸ್ಥಾವರ ಎಂಬ ಪ್ರಸ್ತಾಪಗಳು ಹಿಂದೆ ಬಂದು ಜನರ ವಿರೋಧವನ್ನು ಎದುರಿಸಿದವು. ಅಘನಾಶಿನಿಯ ನೀರನ್ನು ಘಟ್ಟದ ಆಚೆ ವೇದಾವತಿಗೆ ತಿರುಗಿಸುವ ಪ್ರಸ್ತಾಪಕ್ಕೂ ಜಿಲ್ಲೆಯಲ್ಲಿ ವಿರೋಧ ಎದ್ದಿದೆ. ನೆರೆಯ ಶರಾವತಿಯ ನೀರನ್ನು ಬೆಂಗಳೂರಿಗೇ ತರುವ ಮಾತು ಬಂದಾಗ 2019ರಲ್ಲಿ ಮಲೆನಾಡು ಬೀದಿಗಿಳಿದಿತ್ತು. ಸಮುದ್ರಕ್ಕೆ ಸೇರುವ ನೀರು ವ್ಯರ್ಥ ಎಂಬ ವಾದ ಇಂಥ ಯೋಜನೆಗಳ ಬೆನ್ನೆಲುಬು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಅಳಿವೆಯ ದಿಣ್ಣೆಯ ಮೇಲೆ ಬುಟ್ಟಿ ಹಿಡಿದು ನಿಂತವಳ ಪಾಲಿಗೆ ಆ ನೀರು ವ್ಯರ್ಥವಲ್ಲ.

ಈ ವಿಷಯ ಸೋಲದೇವನಹಳ್ಳಿಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. 1894ರಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದುದು ಈ ಊರಿನ ಮೂಲಕವೇ. ಅರ್ಕಾವತಿಯ ಮೇಲಿನ ಹೆಸರಘಟ್ಟ ಕೆರೆಯ ನೀರು ಕಾಲುವೆಯಲ್ಲಿ ತಾನೇ ಹರಿದು ಸೋಲದೇವನಹಳ್ಳಿಗೆ ಬಂದರೆ, ಇಲ್ಲಿಯ ಉಗಿಯಂತ್ರಗಳು ಅದನ್ನು ಮಲ್ಲೇಶ್ವರದ ಕಡೆಯ ಶೋಧಕಗಳಿಗೆ ಏರಿಸುತ್ತಿದ್ದವು. 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯವಾಯಿತು. ಕಾಲಕ್ರಮದಲ್ಲಿ ಅರ್ಕಾವತಿ ಸೊರಗಿತು, ನಗರ ಕಾವೇರಿಯತ್ತ ತಿರುಗಿತು. ನದಿಯೊಂದು ನಡೆಯುವುದನ್ನು ನಿಲ್ಲಿಸಿದರೆ ಅದರ ದಡದ ಬದುಕು ಏನಾಗುತ್ತದೆ ಎಂಬುದನ್ನು ತಿಳಿಯಲು ಇಲ್ಲಿಯವರು ಕುಮಟಾಕ್ಕೆ ಹೋಗಬೇಕಾಗಿಲ್ಲ. ನದಿ ನಡೆಯುತ್ತಿದ್ದರೆ ಹೇಗಿರುತ್ತದೆ ಎಂಬುದನ್ನು ನೋಡಲು ಹೋಗಬೇಕು.

ಹೋಗುವವರಿಗೆ ಕೆಲವು ಮಾತು. ಗುಂಪು ಚಿಕ್ಕದಾಗಿರಲಿ. ಊಟ, ಎಳನೀರು ದಾರಿಯ ಊರುಗಳಲ್ಲೇ ಕೊಳ್ಳುವುದು ಲೇಸು. ದೋಣಿಯವನ ಕೂಲಿಗೆ ಚೌಕಾಸಿ ಬೇಡ. ಬಲೆ, ಒಣಗಲು ಹಾಕಿದ ಮೀನು, ಉಪ್ಪಿನ ಮಡಿಗಳನ್ನು ತುಳಿಯಬಾರದು; ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಒಯ್ದ ಪ್ಲಾಸ್ಟಿಕ್ ಮರಳಿ ಬರಲಿ. ಗೋಕರ್ಣದ ದಂಡೆಗಳಲ್ಲಿ ರಾತ್ರಿ ಬೆಂಕಿ ಹಾಕಿ ಕುಣಿಯುವವರು ಬಿಟ್ಟುಹೋಗುವ ಬಾಟಲಿ ಚೂರುಗಳ ಮೇಲೆ ಬೆಳಗಿನ ಜಾವ ಬರಿಗಾಲಿಡುವವರು ಮೀನುಗಾರರು.

ಚಾರಣಿಗರಿಗೆ ಈ ಹಾದಿ ಎರಡು ದಿನದ್ದು. ಸೋಮವಾರ ಬೆಳಿಗ್ಗೆ ಅವರು ಊರಿಗೆ ಮರಳಿರುತ್ತಾರೆ. ಅದೇ ಹೊತ್ತಿಗೆ ತದಡಿಯ ದೋಣಿ ಬುಟ್ಟಿಯವರನ್ನು ಹೊತ್ತು ಹೊಳೆ ದಾಟುತ್ತಿರುತ್ತದೆ. ಅವರು ದಾಟುವವರೆಗೆ ದಾರಿ ಇರುತ್ತದೆ.