ವಯಸ್ಸಿಗೆ ಎಷ್ಟು ಹೆಸರು?



ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತಿನ ಬರಹರೂಪ ಇದು. ಮೈಕಿನ ಮುಂದೆ ಗಡಿಯಾರ ನೋಡುತ್ತ ಹೇಳಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ರಾಜ್ಯಶಾಸ್ತ್ರ ಓದುವ ಮಕ್ಕಳಿದ್ದರೆ ಅವರಿಗೆ ಓದಲು ಕೊಡಿ. ಅಜ್ಜ, ಅಜ್ಜಿ ಇದ್ದರೆ ಅವರಿಗೆ ಓದಿ ಹೇಳಿ. ವಿಷಯ ಇಬ್ಬರಿಗೂ ಸಂಬಂಧಿಸಿದ್ದು.

ಡೊಂಬಿವಲಿಯ ನಮ್ಮ ಕೇಳುಗರೊಬ್ಬರ ಮಗಳು ಒಂದು ದಿನ ನಾಲ್ಕು ಪುಟಗಳ ಕರಡು ಹಿಡಿದುಕೊಂಡು ಬಂದಳು. ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಆರಿಸಬೇಕಿತ್ತು. "ಅಕ್ಕಾ, ನೀವು ಹಿರಿಯರ ಪತ್ರ ಓದುತ್ತೀರಿ, ಅವರ ಜತೆ ಫೋನಿನಲ್ಲಿ ಮಾತಾಡುತ್ತೀರಿ. ಇದು ಸರಿ ಇದೆಯಾ ನೋಡಿ" ಅಂದಳು. ಶೀರ್ಷಿಕೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ, 'ಥಾಣೆ ಜಿಲ್ಲೆಯ ವೃದ್ಧರು ಮತ್ತು ರಾಜಕೀಯ'.

ನಾನು ಓದಿದ್ದು ಕನ್ನಡ ಬಿ.ಎ. ರಾಜ್ಯಶಾಸ್ತ್ರದ ತಪ್ಪು ತಿದ್ದುವ ಅರ್ಹತೆ ನನಗಿಲ್ಲ. ಆದರೆ ನನ್ನ ಕಣ್ಣು ಪದಗಳ ಮೇಲೆ ಹೋಗುತ್ತದೆ. ಮೊದಲ ಪುಟದಲ್ಲಿ 'ಎಲ್ಡರ್ಲಿ' ಇತ್ತು. ಎರಡನೆಯದರಲ್ಲಿ ಅದೇ ಜನ 'ಏಜ್ಡ್' ಆಗಿದ್ದರು. ಮುಂದೆ 'ಸೀನಿಯರ್ ಸಿಟಿಜನ್ಸ್', ಆಮೇಲೆ 'ಓಲ್ಡ್ ಪೀಪಲ್', ಕೊನೆಗೆ 'ಓಲ್ಡರ್ ಪರ್ಸನ್ಸ್'. "ಯಾಕಮ್ಮ ಐದು ಹೆಸರು?" ಎಂದು ಕೇಳಿದೆ. "ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ" ಅಂದಳು.

ನನಗೂ ಹಾಗೆಯೇ ಹೇಳಿಕೊಟ್ಟಿದ್ದರು. ಪ್ರಬಂಧ ಸ್ಪರ್ಧೆಗೆ ಆ ಮಾತು ಸರಿ. ಸಂಶೋಧನೆಗೆ ಹೊಂದುವುದಿಲ್ಲ. ಯಾಕೆ ಎಂಬುದೇ ಈ ಮಾತಿನ ತಿರುಳು.

ನಮ್ಮ ದೇಶದಲ್ಲಿ ಒಬ್ಬ ಮನುಷ್ಯ ಯಾವಾಗ ಹಿರಿಯನಾಗುತ್ತಾನೆ? ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ 60 ಎನ್ನುತ್ತದೆ. ಅದೇ ಕಾಯ್ದೆಯಲ್ಲಿ ತಂದೆ ಅಥವಾ ತಾಯಿ ಪೋಷಣೆ ಕೇಳಲು 60 ತುಂಬಿರಬೇಕೆಂಬ ನಿಯಮವಿಲ್ಲ. ಆದಾಯ ತೆರಿಗೆಯವರಿಗೆ 60 ಆದರೆ 'ಸೀನಿಯರ್', 80 ಆದರೆ 'ಸೂಪರ್ ಸೀನಿಯರ್'. ರೈಲ್ವೆಯವರು 2020ರ ಮಾರ್ಚ್‌ನಲ್ಲಿ ರಿಯಾಯಿತಿ ನಿಲ್ಲಿಸುವವರೆಗೆ ಗಂಡಸರಿಗೆ 60, ಹೆಂಗಸರಿಗೆ 58 ಎಂದು ಲೆಕ್ಕ ಹಿಡಿದಿದ್ದರು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 2022ರ ಆಗಸ್ಟ್‌ನಿಂದ ಉಚಿತ ಪ್ರಯಾಣ ಸಿಕ್ಕಿದ್ದು 75 ದಾಟಿದವರಿಗೆ. ಆಯುಷ್ಮಾನ್ ಯೋಜನೆಯಲ್ಲಿ ಆದಾಯ ನೋಡದೆ ಹಿರಿಯರನ್ನು ಸೇರಿಸಿಕೊಂಡದ್ದು 2024ರಲ್ಲಿ. ಅಲ್ಲಿ ಗಡಿ 70. ಮನೆಯಲ್ಲೇ ಕುಳಿತು ಮತ ಹಾಕುವ ಸೌಲಭ್ಯ ಮೊದಲು 80 ದಾಟಿದವರಿಗಿತ್ತು, 2024ರಲ್ಲಿ ಅದನ್ನು 85ಕ್ಕೆ ಏರಿಸಿದರು.

ಇನ್ನು ಸಂಶೋಧಕರ ಲೆಕ್ಕವೇ ಬೇರೆ. ವಾಶಿಯಿಂದ ಖಾಡಿ ದಾಟಿದರೆ ದೇವನಾರದಲ್ಲಿ ಜನಸಂಖ್ಯಾ ಅಧ್ಯಯನದ ರಾಷ್ಟ್ರೀಯ ಸಂಸ್ಥೆಯಿದೆ. ವಯಸ್ಸಾಗುವುದರ ಬಗ್ಗೆ ಅವರು 2017-18ರಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ 72,000ಕ್ಕೂ ಹೆಚ್ಚು ಜನರಿದ್ದರು. ಆ ಸಮೀಕ್ಷೆ ಶುರುವಾಗುವುದು 45ರಿಂದ. ಏಕೆಂದರೆ ಅವರ ವಿಷಯ 'ಏಜಿಂಗ್'. ಅದು ಒಂದು ಸ್ಥಿತಿಯ ಹೆಸರಲ್ಲ, ನಿಧಾನವಾಗಿ ನಡೆಯುವ ಕ್ರಿಯೆಯ ಹೆಸರು.

ಈಗ ಹುಡುಗಿಯ ಕರಡಿಗೆ ಬನ್ನಿ. ಒಂದು ಪುಟದಲ್ಲಿ 60 ದಾಟಿದವರ ಅಂಕಿ, ಇನ್ನೊಂದರಲ್ಲಿ 45 ದಾಟಿದವರ ಅಂಕಿ, ಮತ್ತೊಂದರಲ್ಲಿ 85ರವರ ಮತದಾನ. ಅಲಂಕಾರಕ್ಕೆಂದು ಹೆಸರು ಬದಲಾಯಿಸುತ್ತ ಹೋದದ್ದರಿಂದ ಮೂರು ಬೇರೆ ಬೇರೆ ಗುಂಪುಗಳು ಒಂದೇ ಎಂಬಂತೆ ಕಾಣುತ್ತಿದ್ದವು. ಓದಿದವರಿಗೆ ಗೊತ್ತಾಗುವುದಿಲ್ಲ, ಬರೆದವಳಿಗೂ ಗೊತ್ತಾಗಿರಲಿಲ್ಲ.

ಈ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಹಕ್ಕುಗಳ ಸಮಿತಿ 1995ರಲ್ಲಿ ಹಿರಿಯರ ಹಕ್ಕುಗಳ ಬಗ್ಗೆ ಟಿಪ್ಪಣಿ ಬರೆಯಲು ಕುಳಿತಾಗ ಮೊದಲು ಬಗೆಹರಿಸಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. 'ಏಜ್ಡ್', 'ಎಲ್ಡರ್ಲಿ', 'ಥರ್ಡ್ ಏಜ್' ಹೀಗೆ ಬಳಕೆಯಲ್ಲಿದ್ದ ಹೆಸರುಗಳನ್ನೆಲ್ಲ ಮುಂದಿಟ್ಟುಕೊಂಡು, ಕೊನೆಗೆ 'ಓಲ್ಡರ್ ಪರ್ಸನ್ಸ್' ಎಂಬ ಒಂದನ್ನೇ ಹಿಡಿದರು. ನಮ್ಮ ಕೇಂದ್ರ ಸರಕಾರದ 1999ರ ರಾಷ್ಟ್ರೀಯ ನೀತಿಯ ಹೆಸರಿನಲ್ಲೂ ಅದೇ ಪದವಿದೆ. ನೀವು ಅದನ್ನೇ ಹಿಡಿಯಬೇಕೆಂದಿಲ್ಲ. ಒಂದನ್ನು ಹಿಡಿಯಿರಿ, ಅದು ಎಷ್ಟು ವಯಸ್ಸಿನವರಿಗೆ ಎಂದು ಮೊದಲ ಪುಟದಲ್ಲೇ ಹೇಳಿ, ಕೊನೆಯವರೆಗೆ ಬಿಡಬೇಡಿ.

ಶೀರ್ಷಿಕೆಯ ಇನ್ನೊಂದು ತುದಿಯಲ್ಲಿ 'ಥಾಣೆ ಜಿಲ್ಲೆ' ಇತ್ತು. ಅಲ್ಲೂ ಇದೇ ತೊಡಕು. 2011ರ ಜನಗಣತಿಯ ಥಾಣೆ ಜಿಲ್ಲೆಯಲ್ಲಿ 1 ಕೋಟಿ 10 ಲಕ್ಷ ಜನ. ಆದರೆ 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಹೆಸರು ಅದೇ ಉಳಿಯಿತು, ಜಿಲ್ಲೆ ಚಿಕ್ಕದಾಯಿತು. ನವಿಮುಂಬಯಿ ಎಂದು ನಾವು ಬಾಯಿಮಾತಿನಲ್ಲಿ ಹೇಳುತ್ತೇವೆ. ವಾಶಿ, ನೆರೂಲ್, ಐರೋಲಿ ಥಾಣೆ ಜಿಲ್ಲೆಯಲ್ಲಿವೆ. ಖಾರ್‌ಘರ್ ರಾಯಗಡ ಜಿಲ್ಲೆಯಲ್ಲಿದ್ದು, 2016ರಿಂದ ಪನವೇಲ್ ಮಹಾನಗರಪಾಲಿಕೆಗೆ ಸೇರಿದೆ. ಕಲ್ಯಾಣ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಲೋಕಸಭೆಗೆ ನೀವು ಭಿವಂಡಿ ಕ್ಷೇತ್ರದವರು, ಪೂರ್ವಕ್ಕೆ ಇಳಿದರೆ ಕಲ್ಯಾಣ್ ಕ್ಷೇತ್ರದವರು. ಹಳಿ ದಾಟಿದರೆ ಸಂಸದರೇ ಬದಲಾಗುತ್ತಾರೆ. ಇದನ್ನೆಲ್ಲ ನೋಡದೆ 'ಥಾಣೆ ಜಿಲ್ಲೆಯ ವೃದ್ಧರು' ಎಂದು ಹೊರಟರೆ ಯಾರನ್ನು ಹುಡುಕಿಕೊಂಡು ಹೋಗುವುದು?

ಹಾಗಾದರೆ ವಿಷಯ ಆರಿಸುವುದು ಹೇಗೆ? ನಾವು ಇಬ್ಬರೂ ಕುಳಿತು ಮೂರು ಪ್ರಶ್ನೆ ಬರೆದುಕೊಂಡೆವು. ಲೋಕಲ್ ಹತ್ತಿ, ರಿಕ್ಷಾ ಹಿಡಿದು ಹೋಗಿ ಒಂದೇ ದಿನದಲ್ಲಿ ಮರಳುವಷ್ಟು ಹತ್ತಿರ ಇದೆಯೇ? ಕಾಗದಪತ್ರ ಸಿಗುತ್ತದೆಯೇ? ಉತ್ತರ ನಮಗೆ ಈಗಲೇ ಗೊತ್ತಿಲ್ಲದ ಪ್ರಶ್ನೆಯೇ? ಮೂರಕ್ಕೂ 'ಹೌದು' ಬಂದರೆ ವಿಷಯ ಬಾಳುತ್ತದೆ.

ಕೆಲವು ಉದಾಹರಣೆ ಕೊಡುತ್ತೇನೆ, ಬೇಕಾದವರು ಎತ್ತಿಕೊಳ್ಳಿ. 2024ರ ಮೇ 20ರಂದು ಥಾಣೆ, ಕಲ್ಯಾಣ್ ಕ್ಷೇತ್ರಗಳಲ್ಲಿ ಮತದಾನ ನಡೆಯಿತು. ಮನೆಯಿಂದ ಮತ ಹಾಕಲು 85 ದಾಟಿದವರು ಅಧಿಸೂಚನೆ ಹೊರಟ ಐದು ದಿನದೊಳಗೆ 12-ಡಿ ನಮೂನೆ ತುಂಬಿ ಕೊಡಬೇಕಿತ್ತು. ಒಂದು ಹೌಸಿಂಗ್ ಸೊಸೈಟಿಯಲ್ಲಿ ಅದು ಎಷ್ಟು ಮಂದಿಗೆ ತಿಳಿದಿತ್ತು? ಯಾರು ತಿಳಿಸಿದರು? ಇನ್ನೊಂದು: 1983ರಲ್ಲಿ ಹುಟ್ಟಿದ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ನವೆಂಬರ್‌ನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ನಗರಸೇವಕರೇ ಇರಲಿಲ್ಲ. ಆ ದಿನಗಳಲ್ಲಿ 60 ದಾಟಿದವರು ನೀರು, ಗಟಾರದ ದೂರು ಯಾರ ಬಳಿ ಒಯ್ದರು? ಮೂರನೆಯದು: ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ 1989ರಲ್ಲಿ ಮೊದಲ ಲೋಕಸಭಾ ಚುನಾವಣೆ ನಡೆಯಿತು. ಆಗ ಹದಿನೆಂಟರಲ್ಲೇ ಮತ ಹಾಕಿದವರು ಇಂದು ಐವತ್ತು ದಾಟಿದ್ದಾರೆ. ಅವರ ರಾಜಕೀಯ ಅಭಿಪ್ರಾಯ ಬದಲಾದದ್ದು ವಯಸ್ಸಿನಿಂದಲೋ, ಅವರು ಬೆಳೆದ ಕಾಲದಿಂದಲೋ? ಒಟ್ಟಿಗೆ ಹುಟ್ಟಿ ಒಂದೇ ಕಾಲವನ್ನು ಕಂಡವರಿಗೆ ಇಂಗ್ಲಿಷಿನಲ್ಲಿ 'ಕೋಹೊರ್ಟ್' ಎನ್ನುತ್ತಾರೆ. 'ಏಜ್ ಗ್ರೂಪ್' ಬೇರೆ, 'ಕೋಹೊರ್ಟ್' ಬೇರೆ. ಇಲ್ಲೂ ಪದ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ.

ಹುಡುಗಿ ಎಲ್ಲ ಬರೆದುಕೊಂಡಳು, ಆದರೆ ಮುಖ ಅರಳಲಿಲ್ಲ. ಹೊರಡುವಾಗ ಸಂಕೋಚದಿಂದ ಒಂದು ಮಾತು ಹೇಳಿದಳು. ಅವರ ಚಾಳಿನಲ್ಲಿ ಕೆಳಗಿನ ಖೋಲಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕಾರ್ಕಳದ ಕಡೆಯವರು. ಗಂಡ ಹೋಟೆಲಿನಲ್ಲಿ ದುಡಿದು ತೀರಿಕೊಂಡರು, ಮಕ್ಕಳಿಲ್ಲ. ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಯ ನಿವೃತ್ತಿವೇತನಕ್ಕೆ 65 ಆಗಬೇಕು. ಅಜ್ಜಿಗೆ ಒಂದು ಕಾಗದದಲ್ಲಿ 67, ಇನ್ನೊಂದರಲ್ಲಿ 63. ಹುಟ್ಟಿದ ದಾಖಲೆ ಎಲ್ಲೂ ಇಲ್ಲ. ಆಧಾರ್‌ನಲ್ಲಿ ಜನವರಿ 1 ಎಂದಿದೆ, ಅದು ಅಂದಾಜಿನ ದಿನ. ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಜ್ಜಿಯ ಅರ್ಜಿ ಎರಡು ಸಲ ಹಿಂದೆ ಬಂದಿದೆ. ಅರ್ಜಿ ತುಂಬಿಕೊಟ್ಟವಳು, ಜತೆಗೆ ಹೋಗಿ ಸಾಲಿನಲ್ಲಿ ನಿಂತವಳು ಇದೇ ಹುಡುಗಿ.

"ಇದನ್ನು ಯಾಕೆ ಬರೆಯಲಿಲ್ಲ?" ಎಂದೆ.

"ಇದು ಚಾಳಿನ ವಿಷಯ ಅಕ್ಕಾ, ಸಂಶೋಧನೆ ಅಲ್ಲ" ಅಂದಳು.

ಓದುಗರೇ, ಮೂರು ಪ್ರಶ್ನೆಗಳನ್ನು ಮತ್ತೆ ಹಾಕಿ ನೋಡಿ. ಹತ್ತಿರ ಇದೆ. ಕಾಗದ ಇದೆ, ಇಲ್ಲದ್ದನ್ನು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಉತ್ತರ ಗೊತ್ತಿಲ್ಲ: ಕಾಗದವಿಲ್ಲದವರ ವಯಸ್ಸನ್ನು ಸರಕಾರದ ಪರವಾಗಿ ಯಾರು, ಹೇಗೆ ತೀರ್ಮಾನಿಸುತ್ತಾರೆ? ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳುವುದೇ ರಾಜ್ಯಶಾಸ್ತ್ರವಾದರೆ, ಇದಕ್ಕಿಂತ ಒಳ್ಳೆಯ ವಿಷಯ ಯಾವುದು?

ಈಗ ಅವಳ ಶೀರ್ಷಿಕೆ ಚಿಕ್ಕದಾಗಿದೆ: ಕಲ್ಯಾಣ್ ತಾಲೂಕಿನಲ್ಲಿ 65 ವಯಸ್ಸನ್ನು ರುಜುವಾತು ಮಾಡುವುದು. 'ಎಲ್ಡರ್ಲಿ' ಹೋಯಿತು, 'ಏಜ್ಡ್' ಹೋಯಿತು. 'ಅರ್ಜಿದಾರರು, 65 ಮತ್ತು ಮೇಲ್ಪಟ್ಟು' ಎಂಬ ಒಂದೇ ಮಾತು ಪುಟ ಪುಟದಲ್ಲೂ ಬರುತ್ತದೆ. ಓದಲು ಸ್ವಲ್ಪ ಬೇಸರ, ಆದರೆ ಯಾರ ಬಗ್ಗೆ ಎಂಬ ಸಂಶಯವಿಲ್ಲ. ಅಜ್ಜಿಯ ಹೆಸರು, ಖೋಲಿಯ ಗುರುತು ಎಲ್ಲೂ ಬರುವುದಿಲ್ಲ. ಅವರ ಒಪ್ಪಿಗೆ ಕೇಳಿಯೇ ಕೆಲಸ ಶುರು ಮಾಡಿದ್ದಾಳೆ.

ಪದ ಬದಲಾಯಿಸಲು ಒಂದೇ ಜಾಗ ಇದೆ, ಅದು ಬಾಗಿಲ ಮುಂದೆ. ಅಲ್ಲಿ ಒಂದೇ ಪದ ನಡೆಯುವುದಿಲ್ಲ. ನಾನೊಮ್ಮೆ ಪ್ರಸಾರದಲ್ಲಿ "ನಮ್ಮ ವೃದ್ಧ ಕೇಳುಗರಿಗಾಗಿ" ಎಂದುಬಿಟ್ಟೆ. ಹಾಡು ಮುಗಿಯುವ ಮೊದಲೇ ಥಾಣೆಯಿಂದ ಫೋನು ಬಂತು: "ನನಗೆ ಅರವತ್ತೆರಡು. ಇವತ್ತೂ ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡೇ ಹೋದವನು ನಾನು. ವೃದ್ಧ ಯಾರು?" ಅವತ್ತಿನಿಂದ 'ಹಿರಿಯ ಕೇಳುಗರು' ಎನ್ನುತ್ತೇನೆ. ಮರಾಠಿ ಮನೆಗೆ ಹೋದರೆ ಆಜಿ, ಕಾಕಾ ಎನ್ನಿ. ನಮ್ಮವರ ಮನೆಯಲ್ಲಿ ಅಜ್ಜಿ, ಅಮ್ಮ, ಮಾವ, ಯಾವುದು ಒಪ್ಪುತ್ತದೋ ಅದು. ಬರೆಯುವಾಗ ಒಂದೇ ಹೆಸರು, ಕರೆಯುವಾಗ ಅವರಿಗೆ ಹಿಡಿಸುವ ಹೆಸರು.

ಕೊನೆಗೊಂದು ಕೆಲಸ. ಈ ಪತ್ರಿಕೆ ಕೆಳಗಿಟ್ಟ ಮೇಲೆ ನಿಮ್ಮ ಮನೆಯ ಹಿರಿಯರ ಆಧಾರ್, ಮತದಾರರ ಚೀಟಿ, ರೇಷನ್ ಕಾರ್ಡು ಮೂರನ್ನೂ ಪಕ್ಕ ಪಕ್ಕ ಇಟ್ಟು ವಯಸ್ಸು ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ, ಬೇಕಾಗುವ ದಿನ ಬರುವ ಮೊದಲೇ ತಿದ್ದಿಸಲು ಹೊರಡಿ. ಕಂಡದ್ದನ್ನು ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ಕಳುಹಿಸಿ, ಹೆಸರು ಹೇಳದೆ ಓದುತ್ತೇನೆ.