ಗಿಲ್-ಗಲಾಡ್‌ನ ಅಪ್ಪ ಯಾರು?

'ಲಾರ್ಡ್ ಆಫ್ ದಿ ರಿಂಗ್ಸ್' ಅಭಿಮಾನಿಗಳ ನಡುವೆ ಮುಗಿಯದ ಜಗಳ ಒಂದಿದೆ: ಎಲ್ಫ್‌ಗಳ ರಾಜ ಗಿಲ್-ಗಲಾಡ್ ಯಾರ ಮಗ?

1973ರಲ್ಲಿ ಟೋಲ್ಕಿನ್ ತೀರಿಕೊಂಡಾಗ 'ಸಿಲ್ಮರಿಲಿಯನ್' ಇನ್ನೂ ಕರಡುಗಳ ರಾಶಿ. ಮಗ ಕ್ರಿಸ್ಟೋಫರ್ ಅವನ್ನೆಲ್ಲ ಜೋಡಿಸಿ 1977ರಲ್ಲಿ ಪುಸ್ತಕ ತಂದರು. ಅದರ ಪ್ರಕಾರ ಫಿಂಗನ್ ಮಗ. ಟೋಲ್ಕಿನ್ ಕೊನೆಗೆ ಬರೆದಿಟ್ಟ ಪ್ರಕಾರ ಓರೊಡ್ರೆತ್ ಮಗ! ಫಿಂಗನ್ ಅಂತ ಹಾಕಿದ್ದು ಸರಿಯಾಗಲಿಲ್ಲ ಅಂತ 1996ರಲ್ಲಿ ಕ್ರಿಸ್ಟೋಫರ್ ಅವರೇ ಬರೆದರು.

ಹಾಗಾದ್ರೆ ಯಾವುದನ್ನ ನಂಬೋದು? ಅಚ್ಚಾಗಿದೆ ಅನ್ನೋದೊಂದೇ ಸಾಲದು. ಕೊನೆಯದು ಅನ್ನೋದೂ ಸಾಲದು; ಬದುಕಿದ್ದರೆ ಟೋಲ್ಕಿನ್ ಅದನ್ನೂ ತಿದ್ದುತ್ತಿದ್ದರೇನೋ. ನನ್ನ ಮಾತು ಇಷ್ಟೇ: ಕಥೆಗಾಗಿ 1977ರ ಪುಸ್ತಕ ಓದಿ. ವಾದಕ್ಕಿಳಿದರೆ, 'ನಿಂಗೆ ಗೊತ್ತಿಲ್ಲ' ಅನ್ನೋ ಮೊದಲು 'ನೀನು ಓದಿದ್ದು ಯಾವ ಕರಡು?' ಅಂತ ಕೇಳಿ.